ಪಾರಣೆ ಇಲ್ಲದ ಉಪವಾಸ

ಮೊನ್ನೆ ಶುಕ್ರವಾರ ಸಂಜೆ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಡೊಂಬಿವಲಿಯ ನಮ್ಮ ಅಡಿಗೆಮನೆ ಎಷ್ಟು ಚಿಕ್ಕದೆಂದರೆ, ಮೊದಲ ರೊಟ್ಟಿ ಉಬ್ಬುವಷ್ಟರಲ್ಲಿ ಅದರ ವಾಸನೆ ಹೊರಬಾಗಿಲು ದಾಟಿ ಲಿಫ್ಟಿನವರೆಗೆ ಹೋಗಿರುತ್ತದೆ. ಏಳನೇ ಕ್ಲಾಸಿನಲ್ಲಿರುವ ನನ್ನ ಮಗಳು ಆ ವಾಸನೆ ಹಿಡಿದೇ ಬಂದು, ತವೆಯ ಮೇಲಿನದನ್ನೇ ಕೊಡು ಎಂದು ಹಟ ಹಿಡಿಯುವವಳು. ಅಂದು ಬರಲಿಲ್ಲ. ಕರೆದೆ. ನಾಳೆ ಶಾಲೆಯಲ್ಲಿ ತೂಕ ಮಾಡುತ್ತಾರೆ, ಇವತ್ತು ಊಟ ಬೇಡ ಎಂದು ಒಳಗಿನಿಂದಲೇ ಮರಾಠಿಯಲ್ಲಿ ಹೇಳಿದಳು.

ಇಷ್ಟೇ ಮಾತು. ಒಂದು ಹೊತ್ತು ಬಿಟ್ಟರೆ ಯಾವ ಮಗುವೂ ಸೊರಗುವುದಿಲ್ಲ, ನೀನೊಬ್ಬಳು ಎಂದು ನೀವು ನಗಬಹುದು. ನನಗೆ ಮಾತ್ರ ನಗು ಬರಲಿಲ್ಲ. ಇದೇ ಮಾತಿನಿಂದ ಶುರುವಾದದ್ದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ. ಒಲೆ ಆರಿಸಿ ಠಾಣೆಯಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ವಿಷಯ ಹೇಳಿ ಮುಗಿಸುವ ಮೊದಲೇ ಆಕೆ, ಲೋಕಲ್ ಹಿಡಿಯುತ್ತೇನೆ, ಅವಳನ್ನು ಬೈಯಬೇಡ ಎಂದಳು. ಆಕೆ ಬಂದು ಮುಟ್ಟುವಷ್ಟರಲ್ಲಿ ನಿಮಗೆ ಆಕೆಯ ಕಥೆ ಹೇಳಿಬಿಡುತ್ತೇನೆ.

ಆಗ ನಾವು ಠಾಕುರ್ಲಿಯಲ್ಲಿದ್ದೆವು. ಅಪ್ಪ ವಿಜಯಪುರ ಬಿಟ್ಟು ಬಂದು ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ನಮ್ಮ ಶಾಲೆ ರೈಲು ಹಳಿಯ ಪಕ್ಕಕ್ಕೇ ಇತ್ತು. ಶಾಲೆ ತೆರೆದಾಗೊಮ್ಮೆ, ದೀಪಾವಳಿ ರಜೆ ಮುಗಿದ ಮೇಲೊಮ್ಮೆ ಎಲ್ಲರ ತೂಕ. ಪಿ.ಟಿ. ಸರ್ ಹಾಲ್‌ನ ಒಂದು ತುದಿಯಲ್ಲಿ ತೂಕದ ಕಾಟಾ ಇಟ್ಟುಕೊಂಡು ಮುಳ್ಳು ನೋಡಿ ಅಂಕಿ ಕೂಗುವರು. ಇನ್ನೊಂದು ತುದಿಯಲ್ಲಿ ಕುಳಿತ ಟೀಚರ್ ಬರೆದುಕೊಳ್ಳುವರು. ಸರ್ ಕೆಟ್ಟವರೇನಲ್ಲ. ಮಕ್ಕಳು ಚೆನ್ನಾಗಿರಲಿ ಎಂದೇ ಮಾಡುತ್ತಿದ್ದರು. ರೈಲು ಬಂದರೆ ಟೀಚರಿಗೆ ಕೇಳುತ್ತಿರಲಿಲ್ಲ, ಆಗ ಅದೇ ಅಂಕಿಯನ್ನು ಇನ್ನೂ ಜೋರಾಗಿ ಕೂಗುತ್ತಿದ್ದರು.

ನಾನು ಆಗ ಕಡ್ಡಿಯ ಹಾಗಿದ್ದೆ. ನಿಮ್ಮವ್ವ ಊಟ ಹಾಕುವುದಿಲ್ಲವೇ ಎಂದು ಸರ್ ನಗೆಯಾಡಿದರೆ, ಬಹುಮಾನ ಸಿಕ್ಕವಳಂತೆ ಬೀಗಿಕೊಂಡು ಇಳಿಯುತ್ತಿದ್ದೆ. ಈಗ ಲೋಕಲ್ ರೈಲಿನ ಲೇಡೀಸ್ ಡಬ್ಬಿಯ ಬಾಗಿಲಲ್ಲಿ ನಾನು ನಿಂತರೆ ಹಿಂದಿನವರು ಇಳಿಯುವುದೇ ಕಷ್ಟ, ಅದು ಬೇರೆ ಮಾತು. ನನ್ನ ಕ್ಲಾಸಿನಲ್ಲಿ ರಾಯಚೂರು ಕಡೆಯ ಗಾರೆ ಕೆಲಸದವರ ಮಗಳೊಬ್ಬಳಿದ್ದಳು. ಹೊಟ್ಟೆಗಿಲ್ಲದೆ ಸೊರಗಿದ್ದ ಅವಳ ಅಂಕಿ ಕೇಳಿಯೂ ಮಕ್ಕಳು ನಕ್ಕರು. ಹಾಲು ಕುಡಿ, ಮೊಟ್ಟೆ ತಿನ್ನು ಎಂದು ಸರ್ ಎಲ್ಲರೆದುರು ಬುದ್ಧಿ ಹೇಳಿದರು. ಮುಂದಿನ ತೂಕದ ದಿನ ಅವಳು ಶಾಲೆಗೇ ಬರಲಿಲ್ಲ. ಯಾರ ಸಲುವಾಗಿ ಆ ಕಾಟಾ ತಂದಿದ್ದರೋ ಅವಳೇ ಅದಕ್ಕೆ ಹೆದರಿ ಮನೆಯಲ್ಲಿ ಕುಳಿತಳು. ನೆನೆಸಿಕೊಂಡರೆ ಇವತ್ತಿಗೂ ಸಿಟ್ಟು ಬರುತ್ತದೆ.

ಅಕ್ಕ ನನಗಿಂತ ಎರಡು ಕ್ಲಾಸು ಮುಂದೆ. ದುಂಡು ಮುಖ, ದಪ್ಪ ಜಡೆ, ನಗು ಬಂದರೆ ತಡೆಯಲಾರದವಳು. ಆ ವರ್ಷ ಶಾಲೆ ತೆರೆದಾಗ ಆಕೆ ಕಾಟಾದ ಮೇಲೆ ನಿಂತಾಗಲೇ ಕಲ್ಯಾಣದ ಫಾಸ್ಟ್ ಲೋಕಲ್ ಬಂತು. ಸರ್ ಕೂಗಿದರು, ಕೇಳಿಸಲಿಲ್ಲ. ಮತ್ತೆ ಕೂಗಿದರು. ಮೂರನೆಯ ಸಲ ಗಂಟಲು ಹರಿಯುವ ಹಾಗೆ ಕೂಗುವಷ್ಟರಲ್ಲಿ ರೈಲು ದಾಟಿಹೋಗಿತ್ತು, ಹಾಲ್ ಪೂರಾ ಸುಮ್ಮನಿತ್ತು. ಆಮೇಲೆ ಎಲ್ಲರೂ ನಕ್ಕರು. ಅಂದಿನಿಂದ ಹುಡುಗರು ಆಕೆಯನ್ನು ಹೆಸರು ಹಿಡಿದು ಕರೆಯಲಿಲ್ಲ, ಆ ಅಂಕಿಯಿಂದಲೇ ಕರೆದರು.

ಈ ಮಾತು ಮನೆಯವರೆಗೆ ಬರಲಿಲ್ಲ. ಆ ವಾರ ಅಕ್ಕ ಗುರುವಾರದ ಒಪ್ಪತ್ತು ಹಿಡಿದಳು. ರಾಯರ ವಾರ, ಅವ್ವನಿಗೆ ಖುಷಿ. ಆಮೇಲೆ ಶನಿವಾರ ಹನುಮಪ್ಪನದು, ಏಕಾದಶಿ ಅಂತೂ ನಮ್ಮಲ್ಲಿ ಇದ್ದದ್ದೇ. ಎದುರುಮನೆಯ ಸಾವಂತ್ ಕಾಕು ಸಂಕಷ್ಟಿ ಮಾಡುತ್ತಿದ್ದರು. ಅಕ್ಕ ಅದನ್ನೂ ಹಿಡಿದಳು. ಶ್ರಾವಣ ಸೋಮವಾರ, ಮಾರ್ಗಶೀರ್ಷದ ಲಕ್ಷ್ಮೀವ್ರತ, ಕಾಕುವಿನ ಗೋಡೆಯ ಕ್ಯಾಲೆಂಡರಿನಲ್ಲಿ ಇದ್ದದ್ದೆಲ್ಲ ಆಕೆಯದಾಯಿತು. ನಮ್ಮ ಪಂಚಾಂಗ ಒಂದು ಕಡೆ, ಅವರದು ಇನ್ನೊಂದು ಕಡೆ. ಎರಡೂ ಕೂಡಿಸಿದರೆ ಉಣ್ಣುವ ದಿನ ಹುಡುಕಬೇಕಾಗಿತ್ತು. ಕಾಕು ಉಪವಾಸದ ಸಾಬುದಾಣಿ ಖಿಚಡಿ ಕೊಡಲು ಬಂದರೆ, ನಮ್ಮಲ್ಲಿ ನೀರೂ ಕುಡಿಯುವುದಿಲ್ಲ ಎನ್ನುವಳು. ಅವ್ವ ಕೇಳಿದರೆ, ಕಾಕುವಿನ ಮನೆಯಲ್ಲಿ ಖಿಚಡಿ ತಿಂದೆ ಎನ್ನುವಳು.

ನಮ್ಮ ಮನೆಯಲ್ಲಿ ಉಪವಾಸ ಮಾಡಬೇಡ ಎಂದು ಯಾರು ಅಂದಾರು? ಅಪ್ಪ ಕನ್ನಡ ಸಂಘಕ್ಕೆ ಹೋದಾಗೆಲ್ಲ, ಮುಂಬೈ ಗಾಳಿ ತಾಕದ ಹುಡುಗಿ ಎಂದು ಹೇಳಿಕೊಂಡು ಬಂದರು. ತಟ್ಟೆ ಬಳಿದು ಉಣ್ಣುವ ನನಗೆ, ಅಕ್ಕನನ್ನು ನೋಡಿ ಕಲಿ ಎಂದು ಬೈಗುಳ. ಅಕ್ಕನ ಬಾಚಣಿಗೆ ತುಂಬ ಕೂದಲು ಬರತೊಡಗಿತು. ಠಾಕುರ್ಲಿಯ ಸೆಕೆಯಲ್ಲಿ ಆಕೆ ಚಳಿ ಎಂದು ಸ್ವೆಟರ್ ಹಾಕಿಕೊಂಡು ಕೂರುವಳು. ಮುಟ್ಟು ನಿಂತಿತು. ಈ ವಯಸ್ಸಿನಲ್ಲಿ ಹಿಂದುಮುಂದು ಆಗುತ್ತದೆ ಎಂದು ಅವ್ವ ಕಷಾಯ ಕೊಟ್ಟಳು. ದೀಪಾವಳಿಯ ನಂತರದ ತೂಕದಲ್ಲಿ ಸರ್ ಅಂಕಿ ಕೂಗಿ, ಆಕೆಯ ಬೆನ್ನು ತಟ್ಟಿ, ಶಾಬಾಸ್ ಎಂದರು. ಹಾಲ್‌ನಲ್ಲಿ ಚಪ್ಪಾಳೆಯೂ ಆಯಿತು. ಆಕೆ ನಗಲಿಲ್ಲ. ಇನ್ನೂ ಇಳಿಸಬೇಕೆಂದು ಆಗ ಅನ್ನಿಸಿತಂತೆ.

ಧನುರ್ಮಾಸದಲ್ಲಿ ವಿಜಯಪುರದಿಂದ ಅಜ್ಜಿ ಬಂದಳು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳಕೊಂಡ ಆಕೆ ಜೀವಮಾನವೆಲ್ಲ ಏಕಾದಶಿ ಮಾಡಿದವಳು. ಆ ಸಲದ ಏಕಾದಶಿಗೆ ಅಜ್ಜಿ, ಮೊಮ್ಮಗಳು ಇಬ್ಬರದೂ ನಿರಾಹಾರ. ಮರುದಿನ ದ್ವಾದಶಿ. ಬೆಳಗಾಗುತ್ತಲೇ ಉಂಡು ಉಪವಾಸ ಬಿಡಬೇಕು, ಅದೇ ಪಾರಣೆ. ಅದಿಲ್ಲದಿದ್ದರೆ ವ್ರತ ಮುಗಿಯುವುದಿಲ್ಲ. ಅಜ್ಜಿ ಮಿಂದು, ಹುಗ್ಗಿ ಬಡಿಸಿಕೊಂಡು, ಅಕ್ಕನ ಎಲೆಯನ್ನೂ ಹಾಕಿಸಿದಳು. ಅಕ್ಕ ತಲೆನೋವು ಅಂದಳು, ಆಮೇಲೆ ಉಣ್ಣುತ್ತೇನೆ ಅಂದಳು, ಶಾಲೆಗೆ ಹೊತ್ತಾಯಿತು ಅಂದಳು. ಅಜ್ಜಿ ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿದಳು.

"ಏಕಾದಶಿ ಮಾಡಿದವರಿಗೆ ದ್ವಾದಶಿ ಬೆಳಕು ಯಾವಾಗ ಹರದೀತು ಅಂತ ಜೀವ ಕಾಯತಿರತದ," ಎಂದಳು ಅವ್ವನಿಗೆ. "ಇಕಿ ಕಾಯವಲ್ಲಳು. ಇದು ಉಪವಾಸ ಅಲ್ಲ." ಆಮೇಲೆ ಅಕ್ಕನನ್ನು ಹತ್ತಿರ ಕೂಡಿಸಿಕೊಂಡು, "ಯಾರು ಏನಂದ್ರವಾ ನಿನಗ?" ಎಂದು ಕೇಳಿದಳು.

ಅಕ್ಕ, "ಸರ್ ಮತ್ತ ಕೂಗತಾರ, ಅಜ್ಜಿ," ಎಂದಳು.

ಅಪ್ಪ ಅಂದು ಕಾರ್ಖಾನೆಗೆ ಹೋಗಲಿಲ್ಲ. ಕಲ್ಯಾಣದ ಆಸ್ಪತ್ರೆಗೆ ಆಕೆಯನ್ನು ಕರೆದುಕೊಂಡು ಹೋದಾಗ ಡಾಕ್ಟರು, ಇನ್ನು ಸ್ವಲ್ಪ ತಡವಾಗಿದ್ದರೆ ಹೃದಯ ನಿಲ್ಲುತ್ತಿತ್ತು ಎಂದರಂತೆ. ಅಡ್ಮಿಟ್ ಮಾಡಿದರು. ಹತ್ತನೇ ತರಗತಿ ಒಂದು ವರ್ಷ ತಡವಾಯಿತು. ತುತ್ತು ತುತ್ತಿಗೂ ಜಗಳ, ಅಳು. ಅಪ್ಪ ಸಂಘದಲ್ಲಿ ಮಕ್ಕಳ ಮಾತು ಎತ್ತುವುದನ್ನೇ ಬಿಟ್ಟರು. ವರ್ಷಗಳ ಮೇಲೆ ಅಕ್ಕ ಚೇತರಿಸಿಕೊಂಡಳು, ನೌಕರಿ ಹಿಡಿದಳು, ಮದುವೆಯಾದಳು. ಹೋದ ವರ್ಷ ಬಾತ್‌ರೂಮಿನಲ್ಲಿ ಸುಮ್ಮನೆ ಜಾರಿದ್ದಕ್ಕೇ ಮಣಿಕಟ್ಟು ಮುರಿಯಿತು. ಮೂಳೆ ಕಟ್ಟಬೇಕಾದ ವಯಸ್ಸಿನಲ್ಲಿ ಕಟ್ಟಿಲ್ಲ ಎಂದರು ಡಾಕ್ಟರು. ಹೋಗಲಿ, ಉಳಿದಳಲ್ಲ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಎಲ್ಲ ಮುಗಿದ ಕಥೆ ಎಂದೇ ತಿಳಿದಿದ್ದೆ.

ಅಷ್ಟರಲ್ಲಿ ಬೆಲ್ ಆಯಿತು. ಅಕ್ಕ ಚಪ್ಪಲಿ ಬಿಟ್ಟು ನೇರ ನನ್ನ ಮಗಳ ಹತ್ತಿರ ಹೋಗಿ ಕುಳಿತಳು. ಉಪದೇಶವಿಲ್ಲ, ಹೆದರಿಸುವುದಿಲ್ಲ. ಶಾಲೆಗೆ ನಾಳೆ ನಿಮ್ಮವ್ವನೂ ನಾನೂ ಬರುತ್ತೇವೆ, ನಿನ್ನ ತೂಕವನ್ನು ಬಾಗಿಲು ಹಾಕಿ ನೋಡಲಿ, ಯಾರದನ್ನೂ ಕೂಗಲು ಬಿಡುವುದಿಲ್ಲ ಎಂದಳು. ಮಗಳು ಸ್ವಲ್ಪ ಸಡಿಲಾದಳು. ಮಾವಶಿ, ನಿನ್ನ ತೂಕ ಎಷ್ಟು ಎಂದು ಕೇಳಿದಳು. ನೋಡಿಕೊಂಡೇ ಇಲ್ಲ, ಡಾಕ್ಟರ ಹತ್ತಿರವೂ ಕಾಟಾಕ್ಕೆ ಬೆನ್ನು ಮಾಡಿ ನಿಲ್ಲುತ್ತೇನೆ ಎಂದಳು ಅಕ್ಕ. ಆಮೇಲೆ ಆಕೆ ಹೇಳಿದ್ದು ನನಗೂ ಗೊತ್ತಿರಲಿಲ್ಲ.

"ನನಗ ಹಸಿವಿ ಆಗೂದಿಲ್ಲವಾ. ನಿನಗಿಂತ ತುಸು ದೊಡ್ಡಾಕಿ ಇದ್ದಾಗ ಅದನ್ನ ಓಡಿಸಿಬಿಟ್ಟೆ. ಹೊಳ್ಳಿ ಬರಲೇ ಇಲ್ಲ. ಈಗ ಗಡಿಯಾರ ನೋಡಿ ಉಣತೀನಿ."

ಆಕೆಯ ಫೋನಿನಲ್ಲಿ ದಿನಾ ಮಧ್ಯಾಹ್ನ ಅಲಾರಾಂ ಹೊಡೆಯುವುದು ಮಾತ್ರೆಗೆ ಎಂದುಕೊಂಡಿದ್ದೆ. ಇಷ್ಟು ವರ್ಷ ಎದುರೆದುರು ಕುಳಿತು ಉಂಡಿದ್ದೇವೆ, ಹಬ್ಬ ಮಾಡಿದ್ದೇವೆ, ನನ್ನ ಹೋಳಿಗೆಯನ್ನು ಆಕೆ ಹೊಗಳಿದ್ದಾಳೆ. ಒಮ್ಮೆಯೂ ಆಕೆಗೆ ಹಸಿದಿರಲಿಲ್ಲ ಎಂದು ಈಗ ತಿಳಿಯುತ್ತಿದೆ. ನನಗೆ ಅಳು ಬಂತು, ಮರೆಮಾಡಲಿಲ್ಲ.

ಮಗಳು ಸಣ್ಣ ದನಿಯಲ್ಲಿ ಮರಾಠಿಯಲ್ಲೇ, ಮಾವಶಿ, ನನಗೆ ಹಸಿವಾಗಿದೆ ಎಂದಳು.

"ಹೆಂಗ ಗೊತ್ತಾತು?" ಎಂದಳು ಅಕ್ಕ.

ತಮಾಷೆಗೆ ಕೇಳಿದ್ದಲ್ಲ. ನಿಜಕ್ಕೂ ತಿಳಿಯದೆ ಕೇಳಿದ್ದು. ಮಗಳು ಅಕ್ಕನ ಕೈ ಎಳೆದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡು, "ಇಲ್ಲಿ," ಎಂದಳು. ಅಕ್ಕ ಕೈ ತೆಗೆಯದೆ ಹಾಗೇ ಕುಳಿತಳು.