ಗೌರಿ, ಹೆಣ್ಣು, ಐದು ವರ್ಷ

ರಕ್ತಪರೀಕ್ಷೆಯ ವರದಿಯಲ್ಲಿ ಮಿತಿ ದಾಟಿದ ಅಂಕಿಯ ಪಕ್ಕ ಒಂದು ಪುಟ್ಟ ನಕ್ಷತ್ರ ಹಾಕುತ್ತಾರಲ್ಲ, ಅದನ್ನು ಕಂಡುಹಿಡಿದವನಿಗೆ ಮನುಷ್ಯರ ನಿದ್ದೆಯ ಮೇಲೆ ಯಾವುದೋ ಹಳೆಯ ಸೇಡು ಇದ್ದಿರಬೇಕು. ಆಕಾಶದ ನಕ್ಷತ್ರ ನೋಡಿ ಭವಿಷ್ಯ ಹೇಳುವವರನ್ನು ಜೀವನವಿಡೀ ಗೇಲಿ ಮಾಡಿದ ನಾನು ಈಗ ಈ ಕಾಗದದ ನಕ್ಷತ್ರಗಳ ಮುಂದೆ ಬಾಯಿ ಒಣಗಿಸಿಕೊಂಡು ಕೂರುತ್ತೇನೆ. ನೀವೂ ಕೂತಿರಬಹುದು.

ಆದರೆ ಹೋದ ತಿಂಗಳು ಕಾಟಿಪಳ್ಳದ ಅಕ್ಕ ಫೋನಿಗೆ ಕಳಿಸಿದ ವರದಿಯಷ್ಟು ನಕ್ಷತ್ರಖಚಿತವಾದದ್ದನ್ನು ನಾನು ಕಂಡಿರಲಿಲ್ಲ. ಅದು ಅವಳದಲ್ಲ, ಅವಳ ಹಸು ಗೌರಿಯದು. ಕರು ಹಾಕಿ ಕೆಲವೇ ದಿನಗಳಾಗಿದ್ದ ಗೌರಿ ಮೇವು ಮುಟ್ಟುತ್ತಿರಲಿಲ್ಲ. ಡ್ರಿಪ್ ಹಾಕಿ, ರಕ್ತ ತೆಗೆದುಕೊಟ್ಟು, ಪರೀಕ್ಷೆ ಮಾಡಿಸಿಡಿ ಎಂದ ಪಶುವೈದ್ಯರು ಯಾವುದೋ ಮದುವೆಗೆಂದು ಊರು ಬಿಟ್ಟವರು ಫೋನಿಗೂ ಸಿಗುತ್ತಿರಲಿಲ್ಲ.

“ಕ್ರಿಯಾಟಿನಿನ್ ಮೇಲೆ ಹೋಗಿದೆ” ಎಂದಳು ಅಕ್ಕ. “ಸಂಜೆ ಗೋಶಾಲೆಯ ಗಾಡಿ ಬರ್ತದೆ, ಇವಳನ್ನೂ ಕರುವನ್ನೂ ಕೊಟ್ಟುಬಿಡ್ತೇನೆ. ಇನ್ನೊಮ್ಮೆ ಅದನ್ನು ನೋಡಲಿಕ್ಕೆ ನನ್ನಿಂದಾಗುದಿಲ್ಲ ಮಾರಾಯ.”

‘ಇನ್ನೊಮ್ಮೆ’ ಎಂದದ್ದು ಭಾವನನ್ನು ನೆನೆದು. ಬೈಕಂಪಾಡಿಯ ಕಾರ್ಖಾನೆಯಿಂದ ನಿವೃತ್ತರಾದ ಭಾವ, ಮೂತ್ರಪಿಂಡ ಕೈಕೊಟ್ಟು, ಡಯಾಲಿಸಿಸ್ ಮಾಡಿಸಿ ಮಾಡಿಸಿ ಬಸವಳಿದು ತೀರಿಕೊಂಡರು. ಮೂತ್ರಪಿಂಡದ ಸ್ಥಿತಿ ಹೇಳುವ ಈ ಕ್ರಿಯಾಟಿನಿನ್ ಎಂಬ ಪದವನ್ನು ನಾನು ಕಲಿತದ್ದು ಪುಸ್ತಕದಿಂದ. ಅಕ್ಕ ಕಲಿತದ್ದು ಆಸ್ಪತ್ರೆಯ ಬೆಂಚಿನ ಮೇಲೆ.

ನಾನು ಪಶುವೈದ್ಯಕೀಯ ಪದವೀಧರ. ಆದರೆ ಬದುಕೆಲ್ಲ ಔಷಧ ಕಂಪನಿಯ ಚೀಲ ಹೊತ್ತವನು, ಹಸುವಿನ ಮೈ ಮುಟ್ಟಿದ್ದು ಕಡಿಮೆ. ಅಕ್ಕನ ಮನೆಗೆ ಹೊರಟ ಬಸ್ಸಿನ ಕಿಟಕಿಯ ಪಕ್ಕ ಕೂತು, ಒಂದು ಕಾಲದಲ್ಲಿ ಉರುಹೊಡೆದದ್ದನ್ನು ತಡವಿ ನೋಡಿದೆ. ಬೆಳೆಯುವ ಕರುವಿನ ರಕ್ತದಲ್ಲಿ ರಂಜಕ ಹೆಚ್ಚು, ಎಲುಬು ಕಟ್ಟುವ ಕೆಲಸ ನಡೆದಿರುತ್ತದಲ್ಲ. ಹೋರಿಗೆ ಕ್ರಿಯಾಟಿನಿನ್ ತುಸು ಜಾಸ್ತಿ, ಅದು ಮಾಂಸಖಂಡದ ಸೊಕ್ಕು. ಗಬ್ಬದ ಕೊನೆಯಲ್ಲಿ ತಾಯಿಗೂ ಅದು ಏರುತ್ತದೆ. ಹಾಲಿಳಿಯತೊಡಗಿದರೆ ಸಕ್ಕರೆ, ಸುಣ್ಣ ಎರಡೂ ರಕ್ತದಿಂದ ಕೆಚ್ಚಲಿಗೆ ಹರಿಯುತ್ತವೆ. ವಯಸ್ಸಾದ ಹಾಗೆ ರಕ್ತದಲ್ಲಿ ಗ್ಲಾಬ್ಯುಲಿನ್ ಎಂಬ ಪ್ರೋಟೀನು ಹೆಚ್ಚುತ್ತದೆ, ಎಂದೋ ಎದುರಿಸಿದ ರೋಗಗಳನ್ನೆಲ್ಲ ದೇಹ ನೆನಪಿಟ್ಟುಕೊಳ್ಳುವ ರೀತಿ ಅದು. ಹಾಗಾದರೆ ನನ್ನ ರಕ್ತ ಎಲ್ಲವನ್ನೂ ನೆನಪಿಟ್ಟುಕೊಂಡಿದೆ, ತಲೆ ಮಾತ್ರ ರಾಜೀನಾಮೆ ಕೊಟ್ಟಿದೆ. ಏಕೆಂದರೆ ಗೌರಿಯ ಅಂಕಿ ಹಸುವಿಗೆ ಸಹಜವೆಂದು ನನ್ನ ನೆನಪು ಹೇಳುತ್ತಿತ್ತು, ಅಲ್ಲವೆಂದು ನಕ್ಷತ್ರ ಹೇಳುತ್ತಿತ್ತು. ನಾನೋ, ನನ್ನ ನೆನಪಿಗಿಂತ ಅಚ್ಚಾದದ್ದನ್ನೇ ನಂಬುವ ಸ್ಥಿತಿಗೆ ಬಂದಿದ್ದೆ.

ಕೊಟ್ಟಿಗೆಯಲ್ಲಿ ಗೌರಿ ಮಲಗಿದ್ದಳು. ಅಕ್ಕನ ಮಗಳು ಶ್ವೇತಾ ವರದಿಯ ಮೂಲ ಪ್ರತಿ ತಂದಳು. ಫೋಟೊದಲ್ಲಿ ಕತ್ತರಿಸಿಹೋಗಿದ್ದ ಮೇಲಿನ ಸಾಲು ಅದರಲ್ಲಿತ್ತು: ಗೌರಿ, ಹೆಣ್ಣು, ಐದು ವರ್ಷ.

“ಇದನ್ನು ಎಲ್ಲಿ ಕೊಟ್ಟಿ?”

“ಅಪ್ಪನ ರಕ್ತ ಕೊಡ್ತಿದ್ದಲ್ಲಿಯೇ ಮಾಮ. ಅವರಿಗೆ ನಮ್ಮ ಗುರ್ತ ಉಂಟಲ್ಲ, ದನದ್ದು ಅಂದರೂ ಬೇಡ ಅನ್ನಲಿಲ್ಲ. ಹೆಸರು, ಪ್ರಾಯ ಕೇಳಿದರು, ಹೇಳಿದೆ.”

ಅಂದರೆ ಮನುಷ್ಯರ ರಕ್ತವನ್ನಷ್ಟೇ ಬಲ್ಲ ಆ ಕಂಪ್ಯೂಟರು ಎರಡು ಕರು ಹೆತ್ತ ತಾಯಿಯನ್ನು ಅಂಗನವಾಡಿಯ ಮಗುವಿನ ಪಕ್ಕ ನಿಲ್ಲಿಸಿ ಅಳೆದಿತ್ತು. ಪುಟ್ಟ ಹುಡುಗಿಯ ಮೈಯಲ್ಲಿ ಮಾಂಸವೆಷ್ಟು, ಕ್ರಿಯಾಟಿನಿನ್ ಎಷ್ಟು? ಅದರೆದುರು ದೊಡ್ಡ ಹಸುವಿನ ಅಂಕಿಗೆ ನಕ್ಷತ್ರ ಬೀಳದೆ ಇನ್ನೇನು? ನಗು ಬಂತು. ಅಕ್ಕನ ಮುಖ ನೋಡಿ ನುಂಗಿಕೊಂಡೆ.

ಎಲ್ಲ ವಿವರಿಸಿದೆ. ನನ್ನ ರೂಢಿಯಂತೆ ಪ್ರತಿ ವಾಕ್ಯದ ಬಾಲಕ್ಕೂ ಒಂದು ‘ಇರಬಹುದು’ ಕಟ್ಟಿದೆ. ಮೂತ್ರಪಿಂಡ ಸರಿ ಇರಬಹುದು, ಬೇರೆ ಕಾರಣವಿರಬಹುದು, ಡಾಕ್ಟರು ನಾಳೆ ಬರಬಹುದು.

“ಸಾಕು” ಎಂದಳು ಅಕ್ಕ. “ಸಣ್ಣದಿರುವಾಗಿಂದ ನಿನ್ನದು ಇದೇ ರಾಗ. ಮಳೆ ಬರ್ತಾ ಉಂಟಾ ಕೇಳಿದರೂ ಇರಬಹುದು! ಗಾಡಿಯವರಿಗೆ ನಾನು ಎಂತ ಹೇಳಬೇಕು, ಅದು ಹೇಳು. ಇವಳನ್ನು ಕೊಡುದಾ, ಇಟ್ಟುಕೊಳ್ಳುದಾ?”

“ಇಟ್ಟುಕೊಂಡ ಮೇಲೆ ಜೀವ ಹೋಗಿಬಿಟ್ಟರೆ?”

“ಅದನ್ನು ನಾನು ನೋಡ್ತೇನೆ. ಕಿಡ್ನಿ ಅಲ್ಲ ಅಂತ ನೀನು ಬಾಯಿಬಿಟ್ಟು ಹೇಳಿದರೆ ಸಾಕು.”

ಸಂದೇಹವನ್ನು ಇಷ್ಟು ಕಾಲ ಬುದ್ಧಿವಂತಿಕೆ ಎಂದು ತಿಳಿದಿದ್ದೆ. ಆ ಹೊತ್ತಿಗೆ ಅದು ಬರೀ ಸುಸ್ತಿನಂತೆ ಕಂಡಿತು. ನನ್ನ ಸುಸ್ತು ನನ್ನದು, ಆದರೆ ಭಾರ ಅಕ್ಕನ ಹೆಗಲ ಮೇಲಿತ್ತು. ಸಹಜ ಯಾವುದು ಎನ್ನುವುದು ಪ್ರಾಯಕ್ಕೆ, ಬಸಿರಿಗೆ, ಹಾಲಿಗೆ ತಕ್ಕಂತೆ ಬದಲಾಗುತ್ತದೆಂದು ರಕ್ತವೇ ಒಪ್ಪಿರುವಾಗ, ಖಚಿತವಾದ ಮಾತು ಎಲ್ಲಿಂದ ತರಲಿ? ಆದರೂ ಹೇಳಿದೆ.

“ಕಿಡ್ನಿ ಅಲ್ಲ. ಕೊಡಬೇಡ.”

ಅಕ್ಕ ಫೋನು ಹಿಡಿದು ಗಾಡಿಯವರಿಗೆ ಬರುವುದು ಬೇಡವೆಂದಳು. ನಾನು ಬಸ್ಸು ಹತ್ತುವ ಮೊದಲೇ, ಅಷ್ಟು ಖಡಾಖಂಡಿತವಾಗಿ ಮಾತಾಡಿದವನು ಯಾರು ಎಂದು ಯೋಚಿಸತೊಡಗಿದ್ದೆ. ಡಾಕ್ಟರು ಬಂದು ಹೋದ ಸುದ್ದಿ ಮರುದಿನ ಶ್ವೇತಾಳಿಂದ ತಿಳಿಯಿತು. ಅವರು ಏನೆಂದರೆಂದು ವಿಚಾರಿಸುವ ಧೈರ್ಯ ನನಗಿರಲಿಲ್ಲ. ಅದರ ಮರುದಿನ ಅಕ್ಕನದೇ ಫೋನು. ಎತ್ತಲೋ ಬೇಡವೋ ಎಂದು ರಿಂಗು ನಿಲ್ಲುವವರೆಗೂ ನೋಡುತ್ತ ಕೂತೆ. ಮತ್ತೆ ಬಂತು, ಎತ್ತಿದೆ.

“ನಿನ್ನ ರೋಗಿ ಹಗ್ಗ ಬಿಡಿಸಿಕೊಂಡು ನನ್ನ ಬಸಳೆ ಚಪ್ಪರ ಪೂರಾ ತಿಂದಿದ್ದಾಳೆ ಮಾರಾಯ!” ಅಕ್ಕ ಬೈಯುತ್ತಲೇ ಇದ್ದಳು. ಭಾವ ಹೋದ ಮೇಲೆ ಅವಳು ಅಷ್ಟು ಜೋರಾಗಿ ಬೈದದ್ದು ನನಗೆ ನೆನಪಿಲ್ಲ.