ಅತ್ತೆ ಇರುವ ಊರಲ್ಲಿ ರೂಮು ಮಾಡಿದ್ದು

ಕಳೆದ ಶನಿವಾರ ಮಧ್ಯಾಹ್ನ ಶಿರಸಿ ಪೇಟೆಯಲ್ಲಿ ನಾನು ಛತ್ರಿ ಬಿಚ್ಚಿಕೊಂಡು ನಡೆದೆ. ಮಳೆ ಇರಲಿಲ್ಲ. ಅಂಥ ಬಿಸಿಲೂ ಇರಲಿಲ್ಲ. ಛತ್ರಿ ತಲೆಯ ಮೇಲೂ ಇರಲಿಲ್ಲ. ಮುಖಕ್ಕೆ ಅಡ್ಡ ಇತ್ತು.

ಸಾಲಗಾರರ ಕಾಟವೇ? ಅಲ್ಲ. ನನ್ನ ಸೋದರತ್ತೆಯ ಭಯ.

ವಿಷಯ ಇಷ್ಟೆ. ಯಲ್ಲಾಪುರದಲ್ಲಿ ಸಂಸಾರ ಹೂಡಿರುವ ನಾನು ಮತ್ತು ನನ್ನ ಹೆಂಡತಿ ಸುಮನಾ ವೀಕೆಂಡ್ ಟ್ರಿಪ್ ಎಂದು ಶಿರಸಿಗೆ ಬಂದಿದ್ದೆವು. ಬಂದವರು ಅತ್ತೆಮನೆಗೆ ಹೋಗದೆ, ಅಲ್ಲಿಂದ ಎರಡೇ ಓಣಿ ಆಚೆ ಹೊಸದಾಗಿ ಶುರುವಾದ ಬೊಟೀಕ್ ಹೋಟೆಲಿನಲ್ಲಿ ರೂಮು ಮಾಡಿದ್ದೆವು.

(ಇದರಲ್ಲಿ ಅಪರಾಧ ಎಲ್ಲಿದೆ ಎಂದು ದೂರದ ಓದುಗರು ಕೇಳಬಹುದು. ನಮ್ಮ ಕಡೆ ನೆಂಟರಿರುವ ಊರಲ್ಲಿ ರೂಮು ಮಾಡುವುದೆಂದರೆ, ಆ ನೆಂಟರು ಅನ್ನ ಹಾಕುವುದಿಲ್ಲ ಎಂದು ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ಹಚ್ಚಿದ ಹಾಗೆ.)

ಅದೂ ಎಂಥ ಅತ್ತೆ? ಕಾಲೇಜು ಮುಗಿಯುವ ತನಕ ನಾನು ಉಂಡದ್ದು ಅವಳ ಕೈಯ ಅನ್ನ. ನಾನೊಬ್ಬನೇ ಅಲ್ಲ. ಕೋರ್ಟಿಗೆ ಬಂದವರು, ಆಸ್ಪತ್ರೆಗೆ ಬಂದವರು, ಸಿದ್ದಾಪುರದ ಕೊನೆಯ ಬಸ್ಸು ತಪ್ಪಿಸಿಕೊಂಡವರು, ಎಲ್ಲರಿಗೂ ಅದೇ ಮನೆ. ಅಲ್ಲಿಗೆ ಫೋನು ಮಾಡಿ ಬಂದವರನ್ನು ನಾನು ಕಂಡಿಲ್ಲ. ಹೇಳದೆ ಬಂದವರಿಗೆ ಅನ್ನ ಸಾಲದೆ ಹೋದದ್ದನ್ನೂ ಕಂಡಿಲ್ಲ.

ಮತ್ತೆ ಹೋಟೆಲು ಯಾಕೆ? ನಾನೂ ಕೇಳಿದ್ದೆ. ಸುಮನಾ ಪಾತ್ರೆ ತೊಳೆಯುತ್ತಿದ್ದವಳು ತಿರುಗಿಯೂ ನೋಡದೆ ಹೇಳಿದಳು:

“ನೆಂಟ್ರ ಮನೆಗೆ ಹೋದ್ರೆ ರಜೆ ನಿಮಗೆ. ಜಗಲಿ ಮೇಲೆ ಎಲೆಯಡಿಕೆ ಕವಳ ಹಾಕ್ಯಂಡು ಕೂತ್ರೆ ಆತು. ನಂಗೆಂತ ರಜೆ? ಒಲೆ ಬದಲಾಗ್ತು, ಅಷ್ಟೇಯ.”

ನಾನು ರೂಮು ಬುಕ್ ಮಾಡಿದೆ. ಇದಕ್ಕೆ ಬೇರೆ ಉತ್ತರ ನಿಮ್ಮಲ್ಲಿದೆಯೇ?

“ಅತ್ತೆಗೊಂದು ಫೋನು ಮಾಡಿ ಹೇಳಿ. ಕದ್ದು ಹೋಪದು ಎಂತಕ್ಕೆ?” ಎಂದೂ ಅವಳೇ ಹೇಳಿದ್ದಳು. ನಾನು ಮಾಡಲಿಲ್ಲ. ಹೇಳಿದರೆ ಅತ್ತೆ ಬಿಡುತ್ತಾಳೆಯೇ? ಬೇಜಾರು ಮಾಡಿಕೊಳ್ಳುತ್ತಾಳೆ. ಹೇಳದಿದ್ದರೆ ಗೊತ್ತೇ ಆಗುವುದಿಲ್ಲ. ಎರಡೇ ದಿನ ತಾನೆ? (ಗಂಡಸರ ಬುದ್ಧಿ. ಮಾತಾಡಬೇಕಾದಲ್ಲಿ ಛತ್ರಿ ಹಿಡಿಯುತ್ತೇವೆ.)

ಹೋಟೆಲು ಅಂದರೆ ಯಾರದೋ ಹಳೆಯ ಮನೆಯೇ. ಕಂಬಕ್ಕೆ ಪಾಲಿಶ್, ಗೋಡೆಗೆ ಹಸೆ ಚಿತ್ತಾರ. ಬಾಗಿಲಲ್ಲಿ ಸೀರೆಯುಟ್ಟ ಹುಡುಗಿಯೊಬ್ಬಳು ತಂಬಿಗೆಯಲ್ಲಿ ನೀರು ಹಿಡಿದು, “ಬನ್ನಿ, ಕಾಲು ತೊಳ್ಕೊಳ್ಳಿ. ನಿಮ್ಮನೆ ಅಂತಾನೇ ತಿಳ್ಕೊಳ್ಳಿ” ಎಂದಳು. ನಮ್ಮ ಹಿಂದೆ ಬಂದ ಹುಬ್ಬಳ್ಳಿಯವರಿಗೂ ಅದೇ ರಾಗದಲ್ಲಿ ಅದನ್ನೇ ಹೇಳಿದಳು. ಬೆಲ್ಲ ನೀರಿಗೆ ಇಲ್ಲಿ ವೆಲ್‌ಕಮ್ ಡ್ರಿಂಕ್ ಎಂದು ಹೆಸರು. ತಂಬುಳಿ, ಮಗುವಿಗೆ ಔಷಧಿ ಕುಡಿಸುವಷ್ಟು ಚಿಕ್ಕ ಗ್ಲಾಸಿನಲ್ಲಿ. ರೂಮುಗಳಿಗೆ ನಂಬರಿಲ್ಲ, ಅಜ್ಜಿ, ದೊಡ್ಡಪ್ಪ, ಚಿಕ್ಕಮ್ಮ ಎಂದು ಫಲಕ. ನಮಗೆ ಸಿಕ್ಕಿದ್ದು ಸೋದರಮಾವ. (ಎಸಿ ಇರುವ ಸೋದರಮಾವ. ಎಸಿ ಇಲ್ಲದವರು ನನಗೆ ಮೂವರಿದ್ದಾರೆ.)

ಮನೆಗೆ ಬಂದವರಿಗೆ ನಾವು ನೀರು ಕೊಡುವುದನ್ನು ಬಿಡುತ್ತಾ ಬಂದೆವು. ಈಗ ಅದೇ ನೀರನ್ನು ದುಡ್ಡು ಕೊಟ್ಟು ಕಾಲಿಗೆ ಹೊಯ್ಯಿಸಿಕೊಳ್ಳುತ್ತೇವೆ. ಹೀಗೆ ಗೊಣಗುತ್ತ ರೂಮಿಗೆ ಬಂದರೆ, ಸುಮನಾ ಮಂಚದ ಮೇಲೆ ಕಾಲು ಚಾಚಿ ಕೂತು ಯಾರೋ ಮಾಡಿ ತಂದ ಚಾ ಕುಡಿಯುತ್ತಿದ್ದಳು. ಅಷ್ಟು ಹಗುರಾದ ಅವಳ ಮುಖವನ್ನು ಮದುವೆಯಾದ ಮೇಲೆ ನಾನು ನೋಡಿರಲಿಲ್ಲ.

ಆಮೇಲೆ ಶಾಪಿಂಗು. ಛತ್ರಿಯ ಪ್ರಸಂಗ ಆಗಿನದು. ಸೀರೆ ಅಂಗಡಿಯಲ್ಲಿ ಕೆಮ್ಮಿದವರೆಲ್ಲ ನನಗೆ ಅತ್ತೆಯೇ. ಕೊನೆಗೆ ಇಸ್ಮಾಯಿಲ್ ಸಾಹೇಬರ ಪಾತ್ರೆ ಅಂಗಡಿಗೆ ಹೋದೆವು. ನಮ್ಮ ಮನೆ, ಅತ್ತೆಮನೆ, ಎರಡರ ಪಾತ್ರೆಯೂ ಬಂದದ್ದು ಅಲ್ಲಿಂದಲೇ. ಸುಮನಾ ಒಂದು ಮಸಾಲೆ ಡಬ್ಬಿ ಆರಿಸಿದಳು.

“ಹೆಸರು ಹಾಕ್ಬೇಕಲ್ರಿ ಅಕ್ಕಾ? ಹೆಗಡೇರ ಇನಿಷಿಯಲ್ಲಾ?”

“ಬ್ಯಾಡ. ನನ್ನ ಹೆಸರು ಹಾಕಿ. ಪೂರ್ತಿ.”

ಸಾಹೇಬರು ನನ್ನ ಮುಖ ನೋಡಿ ನಕ್ಕರು. “ಹೆಸರು ಹಾಕೋನು ಊಟಕ್ಕೆ ಹೋಗ್ಯಾನ್ರಿ. ಸಂಜೆ ಕಳಿಸ್ತೇನಿ. ಅತ್ತೆಮನೆಗೇ ಅಲ್ರಿ?”

“ಅಲ್ಲ... ಹೋಟೆಲಿಗೆ.”

“ಹೋಟೆಲ್ಗಾ! ಯಾಕ್ರೀ ಹೆಗಡೇರೆ, ಜಗಳ ಗಿಗಳ ಆತೇನು?”

ಏನೇನೋ ತೊದಲಿ ಹೊರಬಿದ್ದೆ. ಯಾರಿಗೂ ಹೇಳಬೇಡಿ ಎನ್ನಲು ಮಾನ ಬಿಡಲಿಲ್ಲ.

ಸಂಜೆ ರೂಮಿನ ಫೋನು ಬಡಿಯಿತು. “ಸಾರ್, ರಿಸೆಪ್ಶನ್ನಿಂದ. ನಿಮಗೆ ಅಂತ ಒಬ್ರು ಡಬ್ಬಿ ತಂದಿದಾರೆ. ಮೇಲೆ ಕಳಿಸ್ಲಾ?”

ಎಸಿಯ ತಂಪಿಗೆ ಕಣ್ಣು ಹತ್ತುತ್ತಿತ್ತು. “ಬೇಡ ಮಾರಾಯ್ರೆ, ಮಲಗಿದ್ದೇವೆ. ಅಲ್ಲೇ ಇಟ್ಟು ಹೋಗ್ಲಿ. ಥ್ಯಾಂಕ್ಸ್ ಹೇಳಿಬಿಡಿ.”

ಸ್ವಲ್ಪ ಹೊತ್ತು ಬಿಟ್ಟು ಕೆಳಗೆ ಹೋದೆ. ಮೇಜಿನ ಮೇಲಿದ್ದದ್ದು ಮಸಾಲೆ ಡಬ್ಬಿಯಲ್ಲ. ಹಳೆಯ ಸ್ಟೀಲಿನ ಊಟದ ಡಬ್ಬಿ. ಮುಟ್ಟಿದರೆ ಬೆಚ್ಚಗಿತ್ತು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ: ಶಂ. ರಾ. ಭ. ನನ್ನ ಅತ್ತೆಯ ಗಂಡನ ಇನಿಷಿಯಲ್ಲು. ಕಾಲೇಜಿಗೆ ನಾನು ಬುತ್ತಿ ಒಯ್ಯುತ್ತಿದ್ದ ಡಬ್ಬಿ.

“ಯಾರು ತಂದಿದ್ದು?”

“ವಯಸ್ಸಾದೋರು ಸಾರ್. ಹೆಸರು ಕೇಳ್ದೆ, ‘ಅವಂಗೆ ಗೊತ್ತಿದ್ದು’ ಅಂದ್ರು. ಇಲ್ಲೇ ಬಾಗಿಲ ಹತ್ರ ನಿಂತಿದ್ರು. ನೀವು ಹೇಳಿದ್ದು ಹೇಳ್ದೆ, ಇಟ್ಟು ಹೋದ್ರು.”

“ಥ್ಯಾಂಕ್ಸೂ ಹೇಳಿದ್ರಾ?”

“ಹೇಳ್ದೆ ಸಾರ್.”

ಪಾಪ, ಕೆಲಸದಲ್ಲಿ ಲೋಪವಿಲ್ಲದ ಮನುಷ್ಯ. ಅಷ್ಟು ವರ್ಷ ಅತ್ತೆಯ ಅನ್ನ ಉಂಡವನು ನಾನು ಒಮ್ಮೆಯೂ ಅವಳಿಗೆ ಥ್ಯಾಂಕ್ಸ್ ಹೇಳಿದವನಲ್ಲ. ಹೇಳಿದ್ದರೆ ಕಪಾಳಕ್ಕೆ ಬಿಗಿಯುತ್ತಿದ್ದಳು. ಈಗ ಹೇಳಿದೆ. ಅದೂ ರಿಸೆಪ್ಶನ್ ಮೂಲಕ. “ನಿಮ್ಮನೆ ಅಂತಾನೇ ತಿಳ್ಕೊಳ್ಳಿ” ಎಂದ ಬಾಗಿಲೂ ಅದೇ.

ಡಬ್ಬಿಯಲ್ಲಿ ಸೌತೆಕಾಯಿ ತೆಳ್ಳೇವು. ಬಟ್ಟೆಯ ಹಾಗೆ ಮಡಚಿಟ್ಟ ತೆಳುವಾದ ದೋಸೆ, ಸುಮನಾಗೆ ಜೀವ. “ತಿನ್ನದೇ ಹೋದ್ರೆ ಇನ್ನೂ ದೊಡ್ಡ ತಪ್ಪು” ಎಂದಳು. ಸೋದರಮಾವನ ಮಂಚದ ಮೇಲೆ ಕೂತು ತಿಂದೆವು. ಅವಳು ಅಳುತ್ತಿದ್ದಳು, ನಾನು ಅಗಿಯುತ್ತಿದ್ದೆ. ಬಾತ್‌ರೂಮಿನ ಬೇಸಿನ್ನಿನಲ್ಲಿ ಡಬ್ಬಿ ತೊಳೆದೆವು. ತಿಂಡಿ ಬಂದ ಪಾತ್ರೆಯನ್ನು ಖಾಲಿ ವಾಪಸು ಕೊಡಬಾರದು, ಅದು ನಮ್ಮ ಹಿರಿಯರ ಕಾಲದ ಪದ್ಧತಿ. ಆ ರೂಮಿನಲ್ಲಿ ಹಾಕಲು ಏನಿದೆ? ಚಾ ಟ್ರೇಯಲ್ಲಿ ಸಕ್ಕರೆಯ ಪೊಟ್ಟಣಗಳಿದ್ದವು. ಅದನ್ನೇ ಹಾಕಿದೆವು.

ಡಬ್ಬಿ ಹಿಡಿದು ಎರಡು ಓಣಿ ದಾಟಿ ಹೋದರೆ, ಅತ್ತೆ ಮನೆಯ ಮೆಟ್ಟಿಲ ಮೇಲೆ ಹೂ ಕಟ್ಟುತ್ತ ಕೂತಿದ್ದಳು. ಎದ್ದು ನೀರು, ಬೆಲ್ಲ ತಂದಳು. ಮುಚ್ಚಳ ತೆಗೆದು ನೋಡಿ, “ಸಕ್ರೆ ಪೊಟ್ಣ! ಚೊಲೋ ಇದ್ದು” ಎಂದಳು.

“ಪಾತ್ರೆ ಅಂಗಡಿಯಂವ ಕಳ್ಸಿದ್ದು ಹೇಳಿ ತಿಳ್ಕಂಡಿದ್ದಿ ಅತ್ತೆ. ದೇವರಾಣೆ” ಎಂದೆ ನಾನು.

“ಅಡ್ಡಿಲ್ಲೆ.”

ನಿಜವನ್ನೇ ಹೇಳಿದ್ದೆ. ಆದರೆ ಮಧ್ಯಾಹ್ನವಿಡೀ ಛತ್ರಿ ಹಿಡಿದು ಓಡಾಡಿದವನ ನಿಜಕ್ಕೆ ಎಷ್ಟು ತೂಕ? ಅವಳಿಗೆ ಸುದ್ದಿ ಕೊಟ್ಟದ್ದು ಸಾಹೇಬರೇ. ಅವರ ತಪ್ಪೇನು? ಪೇಟೆಯಲ್ಲಿ ಸಿಕ್ಕವಳನ್ನು “ಅಳಿಯಂದ್ರು ಹೋಟೆಲ್‌ನಾಗ ಇಳ್ದಾರಂತಲ್ರಿ” ಎಂದು ಕೇಳಿದ್ದಾರೆ. ಅತ್ತೆ ಅದಕ್ಕೆ, “ಹೌದು, ಮನೆಲಿ ಸುಣ್ಣ ಹೊಡೆಸ್ತಾ ಇದ್ದಿ, ಆನೇ ಅಲ್ಲಿರು ಹೇಳಿದ್ದು” ಅಂದಳಂತೆ. ನನ್ನ ಮಾನ ಉಳಿಸಲು, ತಾನೇ ಅಲ್ಲಿರಲು ಹೇಳಿದ್ದೆಂದು, ಇಲ್ಲದ ಸುಣ್ಣ ಹೊಡೆಸಿದ್ದಳು.

ಬೈಗುಳ ಬರುತ್ತದೆ ಎಂದು ಕಾದೆ. ಬರಲಿಲ್ಲ. ಅತ್ತೆ ಸುಮನಾಳ ಹತ್ತಿರ ಸರಿದು ಕೂತಳು.

“ಕೂಸೆ, ಬೆಳಗ್ಗೆ ಚಾ ಅವೇ ತಂದುಕೊಡ್ತ್ವ?”

“ಕೊಡ್ತ ಅತ್ತೆ.”

“ಎಷ್ಟೊತ್ತಿಗೆ ಏಳ್ತ್ರಿ ಹೇಳಿ ಯಾರೂ ಕೇಳ್ತ್ವಿಲ್ಯ?”

“ಇಲ್ಲೆ.”

“ಉಂಡ ಬಟ್ಲು?”

“ಅವೇ ತೊಳಿತ.”

ಅತ್ತೆ ಹೂವಿನ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಆನು ಜಗಳಕ್ಕೆ ಬಂದಿದ್ನಿಲ್ಲೆ ತಮಾ. ಡಬ್ಬಿ ಒಂದು ನೆವ. ದಿನಾ ಆ ಬಾಗಿಲ ಎದುರಿಗೇ ಹೋಪದು. ಒಳಗೆ ಹ್ಯಾಂಗಿದ್ದು ಹೇಳಿ ಒಂದ್ಸಲ ನೋಡವು ಹೇಳಿ ಆಸೆ ಇತ್ತು. ನೀ ಇದ್ಯಲ, ಒಳಗೆ ಕರೀತೆ ಹೇಳಿ ಎಣಿಸಿದ್ದಿ.”

ಅತ್ತೆಮನೆಯ ಬಾಗಿಲು ಸದಾ ತೆರೆದಿತ್ತು ಎಂದು ನಾವು ಎಷ್ಟು ಮದುವೆ ಮನೆಗಳಲ್ಲಿ ಹೊಗಳಿಲ್ಲ? ಅದನ್ನು ತೆರೆದು ಹಿಡಿದವಳ ಕೈ ಸೋತಿತೇ ಎಂದು ಯಾರಾದರೂ ಕೇಳಿದ್ದೇವೆಯೇ? ಅವಳು ನೆಂಟರ ಮನೆಗೆ ಹೋದರೂ ಸೆರಗು ಸಿಕ್ಕಿಸಿ ನೇರ ಅಡಿಗೆಮನೆಗೇ ಹೋಗುವವಳು. ಸುಮನಾ ಸಿಟ್ಟಿನಲ್ಲಿ ಹೇಳಿದ್ದನ್ನು ಅತ್ತೆ ಆಯುಷ್ಯವಿಡೀ ಹೇಳದೆ ಇಟ್ಟುಕೊಂಡಿದ್ದಳು, ಅಷ್ಟೇ ವ್ಯತ್ಯಾಸ. ಅವಳಿಗೆ ಬೇಜಾರಾಗುತ್ತದೆ ಎಂದು ನಾನು ಅಡಗಿದ್ದೆ. ಅವಳಿಗೆ ಬೇಕಿದ್ದದ್ದು, ಒಮ್ಮೆ ಕಾಲು ಚಾಚಿ ಕೂತು ಯಾರೋ ಮಾಡಿದ ಒಂದು ಲೋಟ ಚಾ.

“ಈಗ್ಲೇ ಬಾ ಅತ್ತೆ, ಎಲ್ಲ ನೋಡ್ಕ್ಯಂಡು ಬಪ್ಪನ” ಎಂದೆ. ಸುಮನಾ ಕೈ ಹಿಡಿದು ಎಳೆದಳು.

“ಬ್ಯಾಡ. ಬಾಗಿಲಿಂದ ಕಂಡಷ್ಟು ಸಾಕು. ಅಡ್ಡಿಲ್ಲೆ.”

ನಮ್ಮ ಕಡೆಯ ‘ಅಡ್ಡಿಲ್ಲೆ’ಗೆ ಮೇಲ್ಮನವಿ ಇಲ್ಲ. ಊಟ ಮಾಡಿಸಿಯೇ ಕಳಿಸಿದಳು. ಅನ್ನ ಸಾಲದೆ ಹೋಗಲಿಲ್ಲ. ಸುಮನಾ ಒಲೆಯ ಹತ್ತಿರ ಹೋದರೆ, “ನಿಂಗೆ ರಜೆ, ನೀ ಕೂತ್ಕ” ಎಂದು ಹೊರಗೆ ಕಳಿಸಿದಳು. ಅದು ಪ್ರೀತಿಯೋ ಚುಚ್ಚಿದ್ದೋ, ಇಬ್ಬರಿಗೂ ತಿಳಿಯಲಿಲ್ಲ.

ಮೆಟ್ಟಿಲು ಇಳಿಯುವಾಗ ಬಾಗಿಲಲ್ಲಿ ನಿಂತು ಕರೆದಳು. ಯಾವಾಗಲೂ ಹೇಳುವಂತೆ “ಮತ್ತೆ ಬಾ” ಎನ್ನುತ್ತಾಳೆ ಎಂದುಕೊಂಡೆ.

“ಮುಂದಿನ ಸಲ ಬಪ್ಪ ಮೊದ್ಲು ಒಂದು ಫೋನು ಮಾಡು ತಮಾ. ಆನು ಮನೆಲಿ ಇರ್ತ್ನ ಇಲ್ಯ, ಯಾರಿಗೆ ಗೊತ್ತು.”

ಹೇಳದೆ ಬಂದವರೆಲ್ಲ ಉಂಡು ಹೋದ ಆ ಮನೆಯಲ್ಲಿ ಈಗ ಬುಕಿಂಗ್ ಶುರುವಾಗಿದೆ. ಮೊದಲ ಗಿರಾಕಿ ನಾನು.