ಎದುರುಮನೆಯ ಸಿಕ್ಸ್ಟನ್‌ರನ್ನು ಮಾತಿಗೆ ಕರೆದದ್ದು

ಸ್ವೀಡನ್ನಿನ ಉಮಿಯೋ ಊರಿನ ಗ್ರಂಥಾಲಯದಲ್ಲಿ ಪ್ರತಿ ಗುರುವಾರ ಸಂಜೆ ಗುನ್ವೋರ್ ಹೊಸಬರಿಗೆ ದಿನಬಳಕೆಯ ಸ್ವೀಡಿಷ್ ಮಾತು ಕಲಿಸುತ್ತಾರೆ. ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ಹಿಡಿದ ಕೆಲಸ. ಸಂಬಳವಿಲ್ಲ, ಕಾಫಿ ಉಂಟು. ಮೆಟ್ಟಿಲಲ್ಲಿ ನೆರೆಯವರು ಎದುರಾದರೆ ಏನನ್ನಬೇಕು, ಹಿಮ ಬಿದ್ದರೆ ಎಷ್ಟು ಗೊಣಗಬೇಕು ಎಂಬಂಥ ಪಾಠಗಳು. ಪಾಠ ಸೊಗಸಾಗಿಯೇ ಇರುತ್ತದೆ. ಮನೆಯಲ್ಲಿ ಮಾತ್ರ ಗುನ್ವೋರ್ ಬಾಗಿಲ ಕಿಂಡಿಗೆ ಕಣ್ಣಿಟ್ಟು, ಮೆಟ್ಟಿಲಲ್ಲಿ ನರಪಿಳ್ಳೆಯೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಚಿಲಕ ತೆಗೆಯುತ್ತಾರೆ. ಅವರಿರುವ ಫ್ಲ್ಯಾಟುಗಳ ಕಟ್ಟಡದಲ್ಲಿ ಎಲ್ಲರೂ ಹಾಗೆಯೇ. ಒಳ್ಳೆಯ ನೆರೆಹೊರೆ ಎಂದರೆ ಅದೇ.

ಈ ಸಲದ ಪಾಠ ಮುಗಿದಾಗ ಗ್ರಂಥಾಲಯದ ಮುಖ್ಯಸ್ಥೆ ಆನ್ನೆಲಿ ಬಂದು ನಿಂತರು.

"ಗುನ್ವೋರ್, ಇದು ಮಾತುಕತೆಯ ಕೂಟ ಅಂತ ಕೋಣೆ ಕೊಟ್ಟಿದ್ದು. ಕಲಿಯೋರು ಒಂದು ಕೋಣೆ ತುಂಬ ಇದ್ದಾರೆ, ಸ್ವೀಡನ್ನಿನವರು ನೀವೊಬ್ಬರೇ. ಮುಂದಿನ ವಾರ ಇನ್ನೊಬ್ಬರಾದರೂ ಬರದಿದ್ರೆ ಕೋಣೆ ಹೆಣಿಗೆಯವರಿಗೆ ಹೋಗುತ್ತೆ."

"ಹೆಣಿಗೆಯವರು ಮಾತಾಡ್ತಾರಾ?"

"ಇಲ್ಲ. ಆದ್ರೆ ಬರ್ತಾರೆ."

ಬನ್ನಿನ ತಟ್ಟೆ ಎತ್ತಿಡುತ್ತಿದ್ದ ನೋದಾರ್ ಇದನ್ನೆಲ್ಲ ಕೇಳಿಸಿಕೊಂಡ. ಜಾರ್ಜಿಯಾದಿಂದ ಬಂದು ಇಲ್ಲಿ ಸಿಟಿ ಬಸ್ಸು ಓಡಿಸುವವನು. ತನ್ನ ಬಸ್ಸಿನ ಪ್ರಯಾಣಿಕರು ತನ್ನೊಡನೆ ಮಾತಾಡುವುದಿಲ್ಲವೆಂಬ ಕೊರಗಿಗೇ ಈ ಕೂಟ ಸೇರಿದ್ದ.

"ಟೀಚರ್, ಎದುರುಮನೆ ಬೆಲ್ಲು ಒತ್ತಿ ಕರೀರಿ."

"ಯಾವ ಕಾರಣಕ್ಕೆ? ಯಾರೂ ಸತ್ತಿಲ್ಲವಲ್ಲ."

ಎದುರುಮನೆಯ ಸಿಕ್ಸ್ಟನ್ ರೈಲ್ವೆಯಲ್ಲಿದ್ದವರು, ಒಂಟಿ. ಅವರ ಕೆಮ್ಮು, ಹೆಜ್ಜೆ, ರೇಡಿಯೋದ ಹೊತ್ತು ಎಲ್ಲ ಗುನ್ವೋರ್‌ಗೆ ಗೊತ್ತು. ಮುಖವೊಂದೇ ಅಷ್ಟಾಗಿ ಗೊತ್ತಿಲ್ಲ. ಆದರೆ ಆ ಕೋಣೆ ಹೋದರೆ ವಾರದಲ್ಲಿ ಗುನ್ವೋರ್ ಬಾಯಿ ಬಿಡುವ ಜಾಗವೇ ಉಳಿಯುವುದಿಲ್ಲ. ಆದ್ದರಿಂದ ಸಿಕ್ಸ್ಟನ್ ಹೊರಬರುವುದನ್ನೇ ಕಾದು, ಆಕಸ್ಮಿಕವಾಗಿ ಎದುರಾಗಿಬಿಡುವುದೆಂದು ನಿರ್ಧರಿಸಿದರು. ಭಾನುವಾರ ಬೆಳಿಗ್ಗೆ ಕೋಟು ತೊಟ್ಟು ಬಾಗಿಲ ಹಿಂದೆ ನಿಂತರು. ಸಿಕ್ಸ್ಟನ್ ಬರಲಿಲ್ಲ. ಸೋಮವಾರವೂ ಇಲ್ಲ, ಮಂಗಳವಾರವೂ ಇಲ್ಲ.

ಬುಧವಾರ ಡ್ಯೂಟಿ ಮುಗಿಸಿದ ನೋದಾರ್ ಏನಾಯಿತೆಂದು ಕೇಳಲು ಮೆಟ್ಟಿಲು ಹತ್ತಿ ಬಂದ. ಬಾಗಿಲು ತೆರೆದು ಹೊರಬಂದ ಗುನ್ವೋರ್ ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದಾಗ ಅವನು ಎದುರುಮನೆಯ ಬೆಲ್ಲು ಒತ್ತಿಯೇಬಿಟ್ಟ. ಬಾಗಿಲು ತಟ್ಟನೆ ತೆರೆಯಿತು. ಸಿಕ್ಸ್ಟನ್ ಟೊಪ್ಪಿ, ಬೂಟು ಹಾಕಿಕೊಂಡು, ಕಸದ ಚೀಲ ಹಿಡಿದು ಅಲ್ಲೇ ನಿಂತಿದ್ದರು. ಚೀಲ ನಾರುತ್ತಿತ್ತು.

"ನಿಮ್ಮ ಬಾಗಿಲ ಹಿಂದೆ ಸದ್ದು ಕೇಳ್ತಿತ್ತು, ನೀವು ಹೊರಟುಹೋಗಲಿ ಅಂತ ಕಾಯ್ತಿದ್ದೆ," ಅಂದರು ಗುನ್ವೋರ್‌ಗೆ, ಮೆಲ್ಲಗೆ. "ಭಾನುವಾರದಿಂದ."

"ನಾನು ನೀವು ಬರಲಿ ಅಂತ," ಅಂದರು ಗುನ್ವೋರ್. ಆಮೇಲೆ ಒಂದೇ ಉಸಿರಿಗೆ ಗ್ರಂಥಾಲಯ, ಕೋಣೆ, ಗುರುವಾರ ಎಲ್ಲ ಹೇಳಿ ಮುಗಿಸಿದರು.

"ಮಾತಾಡಬೇಕಾ?"

"ಸ್ವಲ್ಪ."

ಸಿಕ್ಸ್ಟನ್ ನೆಲ ನೋಡಿದರು. ಆಮೇಲೆ ತುಟಿ ಕೂಡಿಸಿ 'ಷುಪ್' ಎಂದು ಉಸಿರನ್ನು ಒಳಗೆಳೆದುಕೊಂಡರು.

"ಅಯ್ಯೋ, ಎದೆ!" ನೋದಾರ್ ಅವರ ತೋಳು ಹಿಡಿದ. "ಟೀಚರ್, ನೀರು, ನೀರು ತನ್ನಿ!"

"ಬಿಡು ಮಾರಾಯ, ಹೂಂ ಅಂದರು. ಈ ಕಡೆಯವರು ಹೂಂ ಅನ್ನೋದೇ ಹಾಗೆ."

"ಇಷ್ಟು ದಿನ ಇದನ್ನ ಯಾಕೆ ಹೇಳಿಕೊಡಲಿಲ್ಲ? ನನ್ನ ಬಸ್ಸಿನಲ್ಲಿ ಅರ್ಧ ಜನ ಹೀಗೇ ಮಾಡ್ತಾರೆ. ಉಬ್ಬಸ ಅಂದುಕೊಂಡಿದ್ದೆ!"

ಉಸಿರಾಟವನ್ನೂ ಪಾಠ ಮಾಡಬೇಕೆಂದು ಗುನ್ವೋರ್‌ಗೆ ಹೊಳೆದೇ ಇರಲಿಲ್ಲ.

ಗುರುವಾರ ಸಿಕ್ಸ್ಟನ್ ಎಲ್ಲರಿಗಿಂತ ಮೊದಲೇ ಬಂದು, ಬಾಗಿಲಿಗೆ ಹತ್ತಿರದ ಕುರ್ಚಿ ಹಿಡಿದರು. ಹಿಮದ ಬಗ್ಗೆ ಕೇಳಿದ್ದಕ್ಕೆ "ಬಿತ್ತು" ಅಂದರು. ರೈಲಿನ ಬಗ್ಗೆ ಕೇಳಿದ್ದಕ್ಕೆ "ತಡ" ಅಂದರು. ಆನ್ನೆಲಿ ಗಾಜಿನಾಚೆಯಿಂದ ನೋಡುತ್ತಿದ್ದರು. ಗುನ್ವೋರ್ ಬನ್ನಿನ ತಟ್ಟೆಯನ್ನು ಸಿಕ್ಸ್ಟನ್‌ರತ್ತ ತಳ್ಳಿದರು. ಆಗ ಎರಿಟ್ರಿಯಾದ ಸೆಲಾಮ್, ನರ್ಸಿಂಗ್ ಓದುವ ಹುಡುಗಿ, ಸುಮ್ಮನಿರಲಾರದೆ ಕೇಳಿದಳು:

"ಗುನ್ವೋರ್ ನೆರೆಯವರಾಗಿ ಹೇಗೆ?"

ಸಿಕ್ಸ್ಟನ್ ಲೋಟ ಕೆಳಗಿಟ್ಟರು. "ತುಂಬಾ ಒಳ್ಳೆಯವರು. ಇಷ್ಟು ವರ್ಷದಲ್ಲಿ ಒಂದು ಸಲವೂ ಭೇಟಿಯಾಗುವ ಪ್ರಸಂಗ ತರಲಿಲ್ಲ."

ಕೋಣೆಯೇ ಹಾರಿಹೋಗುವಂತೆ ಎಲ್ಲರೂ ನಕ್ಕರು. ನೋದಾರ್ ಮೇಜು ಗುದ್ದಿದ. ಸಿಕ್ಸ್ಟನ್ ತಾವು ತಮಾಷೆ ಮಾಡಿಲ್ಲವೆಂದು ವಿವರಿಸಹೋದರು. ಆ ವಿವರಣೆಯಲ್ಲಿ ನಾಲ್ಕು ಪೂರ್ತಿ ವಾಕ್ಯಗಳಿದ್ದವು. ಸೆಲಾಮ್ ನಡುವೆ ಬಾಯಿ ಹಾಕಿದಳು, ಅವರು ಮರುಮಾತಾಡಿದರು, ಮತ್ತೆ ನಗು.

ಆನ್ನೆಲಿ ಬಾಗಿಲು ಸರಿಸಿದರು. "ಮುಂದಿನ ವಾರವೂ ಕೋಣೆ ನಿಮ್ಮದೇ. ಆದ್ರೆ ಸ್ವಲ್ಪ ಮೆತ್ತಗೆ. ಪೇಪರ್ ಓದೋರು ದೂರು ಕೊಟ್ಟಿದ್ದಾರೆ."

"ಮಾತು ಜಾಸ್ತಿಯಾಯ್ತು ಅಂತಲಾ?"

"ಹೌದು."

"ಹಾಗಂತ ಬರೆದೇ ಕೊಡಲಿ," ಅಂದರು ಗುನ್ವೋರ್, "ಗೋಡೆಗೆ ತೂಗುಹಾಕ್ತೀನಿ." ಮತ್ತೆ ಕೆಟಲ್ ಎತ್ತಿ ಸಿಕ್ಸ್ಟನ್‌ರ ಲೋಟಕ್ಕೆ, ಬೇಕೇ ಎಂದು ಕೇಳದೆಯೇ, ಕಾಫಿ ಬಗ್ಗಿಸಿದರು.